ಅಜ್ಜ ಕೊಡ್ತೀನಿ ಅಂದ ಮೊರಿನಿ ಮೂರೂವರೆ: ತಗೊಳ್ಳೋದಾ, ಬಿಡೋದಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಅರಸೀಕೆರೆ ಕಡೆಯವನು, ಆರು ವರ್ಷದಿಂದ ಇಟಲಿಯ ಟೂರಿನ್‌ನಲ್ಲಿದೀನಿ, ಓದು ಮುಗಿಸಿ ಇಲ್ಲೇ ಕೆಲಸ, ಎ2 ಲೈಸೆನ್ಸ್ ಇದೆ. ನಮ್ಮ ಬಿಲ್ಡಿಂಗ್‌ನಲ್ಲಿ ಕೆಳಗಿರೋ ಅಜ್ಜ ಒಬ್ರು 1974ರ ಮೋಟೊ ಮೊರಿನಿ 3½ ಸ್ಟ್ರಾಡಾ ಇಟ್ಕೊಂಡಿದಾರೆ. ಅವರೇ ಫಸ್ಟ್ ಓನರ್. 41 ಸಾವಿರ ಕಿಲೋಮೀಟರ್ ಓಡಿದೆ, ಒಂಬತ್ತು ವರ್ಷದಿಂದ ಗ್ಯಾರೇಜ್‌ನಲ್ಲಿ ಬೆಡ್‌ಶೀಟ್ ಮುಚ್ಚಿ ನಿಲ್ಸಿದಾರೆ. 2,200 ಯೂರೋಗೆ ಕೊಡ್ತೀನಿ, ಆದ್ರೆ ನೀನೇ ಓಡಿಸಬೇಕು, ಮಾರಬಾರದು ಅಂತಾರೆ. ನಂಗೆ ಆಸೆ ಇದೆ, ಭಯಾನೂ ಇದೆ. ಕೊಲೀಗ್ ಒಬ್ರು ಅದರಲ್ಲಿ ರಬ್ಬರ್ ಬೆಲ್ಟ್ ಇದೆ, ಕಟ್ ಆದ್ರೆ ಇಂಜಿನ್ ಹೋಯ್ತು ಅಂದ್ರು. ಇನ್ನೊಬ್ರು ಪುಶ್‌ರಾಡ್ ಇಂಜಿನ್ ಅಂದ್ರೆ ನಿಮ್ಮೂರಿನ ಬುಲೆಟ್ ಥರ ಹಳೇ ಟೆಕ್ನಾಲಜಿ ಅಂದ್ರು. ಅಜ್ಜ ಮಾತ್ರ ಇದು ಫೆರಾರಿ ಇಂಜಿನ್ ಅಂತಾರೆ. ಕಂಪನಿ ಮುಚ್ಚಿ ಹೋಗಿದೆ, ಪಾರ್ಟ್ಸ್ ಸಿಗಲ್ಲ ಅಂತಾನೂ ಕೇಳಿದೀನಿ. ಅದೇ ಹೆಸರಿನ ಬೈಕ್ ಈಗ ಇಂಡಿಯಾದಲ್ಲೂ ಮಾರ್ತಿದಾರಲ್ಲ, ಅದೂ ಇದೂ ಒಂದೇನಾ? ಮುಂದೆ ಊರಿಗೆ ತಗೊಂಡು ಹೋಗಬಹುದಾ? ಫೋಟೋ ಕಳ್ಸಿದೀನಿ.

ಉತ್ತರ:

ಫೋಟೋ ನೋಡಿದೆ. ದೊಡ್ಡದು ಮಾಡಿ ಮೂರು ನಾಲ್ಕು ಸಲ ನೋಡಿದೆ. ಸ್ಪೋಕ್ ವೀಲ್, ಮುಂದೆ ಡ್ರಮ್ ಬ್ರೇಕ್, ಗೇರ್ ಲಿವರ್ ಬಲಗಡೆ, ಕಿಕ್ಕರ್ ಎಡಗಡೆ, ಸೈಲೆನ್ಸರ್ ಒರಿಜಿನಲ್ ಥರಾನೇ ಕಾಣ್ತಿದೆ. ಟ್ಯಾಂಕಿನ ಬಣ್ಣ ಮಾಸಿದೆ ಆದ್ರೆ ಯಾರೂ ಮತ್ತೆ ಪೇಂಟ್ ಮಾಡಿಲ್ಲ, ನಂಗೆ ತುಂಬ ಖುಷಿಯಾಗಿದ್ದು ಅದು. ನಾನು ಬೊಲೋನ್ಯ ಪಕ್ಕದಲ್ಲಿ ಹಳೇ ಬೈಕ್ ರಿಪೇರಿ ಮಾಡೋ ವರ್ಕ್‌ಶಾಪ್‌ನಲ್ಲಿ ಇಪ್ಪತ್ತೊಂದು ವರ್ಷದಿಂದ ಕೆಲಸ ಮಾಡ್ತಿದೀನಿ, ಅದಕ್ಕೂ ಮುಂಚೆ ತಿಪಟೂರಿನಲ್ಲಿ ಯೆಜ್ಡಿ ಬುಲೆಟ್ ಬಿಚ್ಚಿ ಕಲಿತವನು, ಹಾಗಾಗಿ ನಿಮ್ಮ ಪ್ರಶ್ನೆ ಓದ್ತಾ ಇದ್ರೆ ಎರಡೂ ಊರು ಒಟ್ಟಿಗೆ ನೆನಪಾಯ್ತು.

ನಿಮಗೆ ಹೇಳಿರೋ ಮಾತುಗಳಲ್ಲಿ ಸುಳ್ಳಿಗಿಂತ ಅರ್ಧ ಸತ್ಯ ಜಾಸ್ತಿ ಇದೆ. ಬೆಲ್ಟ್ ಇರೋದು ನಿಜ, ಪುಶ್‌ರಾಡ್ ಇರೋದು ನಿಜ, ಫೆರಾರಿ ಹೆಸರು ಬರೋದಕ್ಕೂ ಕಾರಣ ಇದೆ. ಆದ್ರೆ ಈ ಗಾಡಿ ವಿಷಯದಲ್ಲಿ ಜನ ಹೆದರೋದು ಒಂದಕ್ಕೆ, ಅದು ಕೈ ಕೊಡೋದು ಇನ್ನೊಂದು ಕಡೆ. ಇಷ್ಟು ವರ್ಷದಲ್ಲಿ ನಾನು ನೋಡಿರೋದು ಅದನ್ನೇ. ಕೊಲೀಗ್‌ಗಳು ಬೈದಿರೋ ಎರಡೂ ಈ ಇಂಜಿನ್ನಿನ ಒಳ್ಳೇ ಗುಣಗಳು, ಅದು ಯಾಕೆ ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಿಂದ ಹೇಳಬೇಕು.

ಮೋಟೊ ಮೊರಿನಿ 1937ರಲ್ಲಿ ಬೊಲೋನ್ಯದಲ್ಲಿ ಆಲ್ಫೊನ್ಸೊ ಮೊರಿನಿ ಶುರು ಮಾಡಿದ ಕಂಪನಿ, ಮೊದಮೊದಲು ಸಾಮಾನು ಹೊರೋ ಮೂರು ಚಕ್ರದ ಗಾಡಿ ಮಾಡ್ತಿದ್ರು. ದೊಡ್ಡ ಕಂಪನಿ ಯಾವತ್ತೂ ಆಗಲಿಲ್ಲ, ಮನೆಯವರೇ ನಡೆಸ್ತಿದ್ದ ಫ್ಯಾಕ್ಟರಿ, ಆದ್ರೂ ರೇಸಿಂಗ್‌ನಲ್ಲಿ ಅವರ ಹೆಸರು ಕೇಳಿದ್ರೆ ದೊಡ್ಡವರು ಹುಷಾರಾಗ್ತಿದ್ರು. 1963ರ 250 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಕಥೆ ಇಲ್ಲಿನ ಹಳೇ ಮೆಕ್ಯಾನಿಕ್‌ಗಳು ಈಗ್ಲೂ ಮನೇಲಿ ನಿನ್ನೆ ನಡೆದಿದ್ದು ಅನ್ನೋ ಹಾಗೆ ಹೇಳ್ತಾರೆ. ಆ ಕಡೆ ಹೋಂಡಾದ ನಾಲ್ಕು ಸಿಲಿಂಡರ್ ಬೈಕ್ ಮೇಲೆ ಜಿಮ್ ರೆಡ್‌ಮನ್, ಈ ಕಡೆ ಮೊರಿನಿಯ ಒಂದೇ ಸಿಲಿಂಡರ್ ಬೈಕ್ ಮೇಲೆ ತಾರ್ಕ್ವೀನಿಯೊ ಪ್ರೊವೀನಿ. ಇಬ್ಬರೂ ನಾಲ್ಕು ನಾಲ್ಕು ರೇಸ್ ಗೆದ್ದು, ಕೊನೆಗೆ ಜಪಾನಿನ ಸುಜುಕಾದಲ್ಲಿ ತೀರ್ಮಾನ ಆಗಿ, ಮೊರಿನಿ ಸೋತಿದ್ದು ಬರೀ ಎರಡು ಪಾಯಿಂಟ್‌ನಲ್ಲಿ. ಜಾಕೊಮೊ ಅಗೊಸ್ತೀನಿ ಹೆಸರು ನೀವು ಕೇಳಿರ್ತೀರ, ಅವರೂ ಶುರುವಿನಲ್ಲಿ ಓಡಿಸಿದ್ದು ಮೊರಿನಿನೇ, ಆಮೇಲೆ ಎಂವಿ ಅಗುಸ್ತಾಗೆ ಹೋದ್ರು.

ಆಲ್ಫೊನ್ಸೊ 1969ರಲ್ಲಿ ತೀರ್ಕೊಂಡ್ರು. ಮಗಳು ಗಾಬ್ರಿಯೆಲ್ಲಾ ಮೊರಿನಿ ಕಂಪನಿ ಕೈಗೆ ತಗೊಂಡ್ರು. ಆ ಕಾಲದ ಇಟಲಿಯ ಬೈಕ್ ಲೋಕದಲ್ಲಿ ಒಬ್ಬ ಹೆಣ್ಣುಮಗಳು ಫ್ಯಾಕ್ಟರಿ ನಡೆಸೋದು ಅಂದ್ರೆ ಸಣ್ಣ ಮಾತಲ್ಲ. ಹಳೇ ಮಾಡೆಲ್‌ಗಳನ್ನೇ ಮಾರ್ಕೊಂಡು ಇರಬಹುದಿತ್ತು, ಹಾಗೆ ಮಾಡದೆ ಪೂರ್ತಿ ಹೊಸ ಇಂಜಿನ್ ಬೇಕು ಅಂತ ಹೊರಟ್ರು. ಅದನ್ನ ಡ್ರಾಯಿಂಗ್ ಬೋರ್ಡ್ ಮೇಲೆ ತಂದಿದ್ದು ಫ್ರಾಂಕೊ ಲಂಬರ್ತೀನಿ ಅನ್ನೋ ಎಂಜಿನಿಯರ್, ಅವರು ಅದಕ್ಕೂ ಮುಂಚೆ ಕೆಲಸ ಮಾಡಿದ್ದು ಫೆರಾರಿಯಲ್ಲಿ. ನಿಮ್ಮ ಅಜ್ಜ ಹೇಳೋ ಫೆರಾರಿ ಇಷ್ಟೇ. ಇಂಜಿನ್ ಫೆರಾರಿದಲ್ಲ, ಅದರ ಒಂದು ಬೋಲ್ಟೂ ಫೆರಾರಿಯ ಊರು ಮರನೆಲ್ಲೊದಿಂದ ಬಂದಿಲ್ಲ, ಅಲ್ಲಿ ಕೆಲಸ ಕಲಿತ ತಲೆ ಬಂದಿದೆ. ಅಜ್ಜನ ಜೊತೆ ಇದಕ್ಕೆ ವಾದ ಮಾಡೋಕೆ ಹೋಗಬೇಡಿ, ಪಾಪ ಐವತ್ತು ವರ್ಷದಿಂದ ಹೇಳ್ಕೊಂಡು ಬಂದಿರ್ತಾರೆ.

ಬೈಕ್‌ನ 1971ರ ಮಿಲಾನ್ ಶೋದಲ್ಲಿ ತೋರಿಸಿದ್ರು, ಅಂಗಡಿಗೆ ಬಂದಿದ್ದು 1973ರಲ್ಲಿ. ಹೆಸರು ಟ್ರೆ ಎ ಮೆಡ್ಜೊ, ನಮ್ಮ ಲೆಕ್ಕದಲ್ಲಿ ಮೂರೂವರೆ, ಅಂದ್ರೆ ಮುನ್ನೂರೈವತ್ತು. ನಿಜವಾದ ಲೆಕ್ಕ 344 ಸಿಸಿ, ಬೋರ್ 62 ಸ್ಟ್ರೋಕ್ 57 ಮಿಲಿಮೀಟರ್, ಎರಡು ಸಿಲಿಂಡರ್ ವಿ ಆಕಾರದಲ್ಲಿ, ಮಧ್ಯೆ 72 ಡಿಗ್ರಿ. ಈ 72 ಎಲ್ಲಿಂದ ಬಂತು ಅಂತ ತುಂಬ ಜನ ಕೇಳ್ತಾರೆ. 90 ಡಿಗ್ರಿ ಇಟ್ರೆ ವೈಬ್ರೇಶನ್ ಚೆನ್ನಾಗಿ ಕಟ್ ಆಗತ್ತೆ, ಡುಕಾಟಿಯವರು ಅದನ್ನೇ ಮಾಡಿದ್ರು, ಆದ್ರೆ ಇಂಜಿನ್ ಉದ್ದ ಆಗತ್ತೆ, ಬೈಕೂ ಉದ್ದ ಆಗತ್ತೆ. ತೀರಾ ಕಿರಿದು ಮಾಡಿದ್ರೆ ಗಿಡ್ಡ ಆಗತ್ತೆ ಆದ್ರೆ ನಡುಗತ್ತೆ, ಎರಡು ಸಿಲಿಂಡರ್ ಮಧ್ಯೆ ಕಾರ್ಬ್ಯುರೇಟರ್ ಕೂರಿಸೋಕೆ ಜಾಗಾನೂ ಇರಲ್ಲ. 72 ಅನ್ನೋದು ಈ ಎರಡರ ಮಧ್ಯದ ರಾಜಿ. ಅದರ ಫಲ ನೀವು ಒಂದು ಸಲ ಕಾಲು ಹಾಕಿ ಕೂತ್ರೆ ಗೊತ್ತಾಗತ್ತೆ, ತೊಡೆ ಮಧ್ಯೆ ಇಂಜಿನ್ ಇದೆಯೋ ಇಲ್ವೋ ಅನ್ನೋ ಅಷ್ಟು ಸಣ್ಣ ಸೊಂಟ, ಗಾಡಿ ತೂಕ ಹತ್ತಿರ ಹತ್ತಿರ 150 ಕೆಜಿ.

ಈಗ ಪುಶ್‌ರಾಡ್ ವಿಷಯಕ್ಕೆ ಬರೋಣ. ವಾಲ್ವ್ ತೆರೆಸೋ ಉಬ್ಬುಗಳಿರೋ ದಂಡ ಕ್ಯಾಮ್‌ಶಾಫ್ಟ್, ಅದು ಕೆಳಗಿದ್ರೆ ಅದರ ತಳ್ಳು ಮೇಲಿನ ವಾಲ್ವ್‌ಗೆ ಮುಟ್ಟಿಸೋ ಕಡ್ಡಿ ಪುಶ್‌ರಾಡ್. ನಿಮ್ಮ ಕೊಲೀಗ್ ಬುಲೆಟ್ ಹೆಸರು ತೆಗೆದಿದ್ದು ಒಳ್ಳೇದಾಯ್ತು, ಯಾಕಂದ್ರೆ ಲೆಕ್ಕ ಅಲ್ಲೇ ಸಿಗತ್ತೆ. ನಮ್ಮ ಹಳೇ ಬುಲೆಟ್ 350 ಅಂದ್ರೆ 346 ಸಿಸಿ, ಸ್ಟ್ರೋಕ್ 90 ಮಿಲಿಮೀಟರ್, ಪವರ್ 18 ಎಚ್‌ಪಿ. ಮೊರಿನಿ ಸ್ಟ್ರಾಡಾ ಎರಡು ಸಿಸಿ ಕಮ್ಮಿನೇ, ಅದರಲ್ಲಿ 35 ಎಚ್‌ಪಿ ತೆಗೆದ್ರು, ಸ್ಪೋರ್ಟ್ ಮಾಡೆಲ್‌ನಲ್ಲಿ 39. ಎರಡೂ ಪುಶ್‌ರಾಡ್ ಇಂಜಿನ್ನೇ. ಅಂದ್ಮೇಲೆ ಪುಶ್‌ರಾಡ್ ಅನ್ನೋ ಹೆಸರು ಹೇಳಿ ಒಂದು ಇಂಜಿನ್ನಿಗೆ ಬೆಲೆ ಕಟ್ಟೋಕಾಗಲ್ಲ ಅಂತಾಯ್ತು. ಬುಲೆಟ್‌ನ ತಪ್ಪು ಅಂತಲ್ಲ, ಅದರ ದಾರಿನೇ ಬೇರೆ, ನಿಧಾನಕ್ಕೆ ಎಳೆಯೋ ಇಂಜಿನ್ ಅದು. ಮೊರಿನಿಯಲ್ಲಿ ಲಂಬರ್ತೀನಿ ಮಾಡಿದ್ದೇನಂದ್ರೆ ಕ್ಯಾಮ್‌ಶಾಫ್ಟ್‌ನ ಕೆಳಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಪಕ್ಕ ಇಡದೆ ಮೇಲಕ್ಕೆ ಎತ್ತಿ, ಎರಡು ಸಿಲಿಂಡರ್ ಕವಲೊಡೆಯೋ ಜಾಗದಲ್ಲಿ ಇಟ್ಟುಬಿಟ್ರು. ಒಂದೇ ಕ್ಯಾಮ್‌ಶಾಫ್ಟ್ ಎರಡೂ ಸಿಲಿಂಡರಿಗೆ ಸಾಕು, ಪುಶ್‌ರಾಡ್ ಗಿಡ್ಡ ಆಯ್ತು, ಗಿಡ್ಡ ಆದಷ್ಟೂ ಹಗುರ, ಹಗುರ ಆದಷ್ಟೂ ಜಾಸ್ತಿ ಆರ್‌ಪಿಎಂ ತಡ್ಕೊಳತ್ತೆ, 8,000 ದಾಟಿದ್ರೂ ಹೆದರೋದಿಲ್ಲ. ಓವರ್‌ಹೆಡ್ ಕ್ಯಾಮ್ ಅಂತ ಪ್ರತಿ ಹೆಡ್ ಮೇಲೂ ಒಂದೊಂದು ಸೆಟ್ ಮಾಡಿ, ಅದಕ್ಕೆ ಚೈನ್ ಎಳೆದು, ಟೆನ್ಶನರ್ ಕೂರಿಸಿ ಮಾಡಿದ್ರೆ ಖರ್ಚು ಎರಡರಷ್ಟು. ಚಿಕ್ಕ ಫ್ಯಾಕ್ಟರಿಗೆ ಅದು ಕೈಗೆಟುಕೋದಲ್ಲ, ಹಾಗಂತ ಕೆಲಸದಲ್ಲಿ ರಾಜಿ ಮಾಡ್ಕೊಳ್ಳಲಿಲ್ಲ.

ಹೆಡ್ ವಿಷಯ ಇನ್ನೂ ಚೆಂದ. ನಾನು ಮೊದಲ ಸಲ ಮೂರೂವರೆ ಹೆಡ್ ಬಿಚ್ಚಿ ಬೆಂಚ್ ಮೇಲೆ ಉಲ್ಟಾ ಇಟ್ಟಾಗ ಏನೋ ತಪ್ಪಾಗಿದೆ ಅನ್ಕೊಂಡೆ, ಯಾರೋ ಹೆಡ್ ಉಜ್ಜಿ ಸಪಾಟ ಮಾಡಿಬಿಟ್ಟಿದಾರೆ ಅಂತ. ಬುಲೆಟ್ ಆಗ್ಲಿ ಯೆಜ್ಡಿ ಆಗ್ಲಿ ಹೆಡ್ ಒಳಗಡೆ ಬಟ್ಟಲಿನ ಥರ ಗುಂಡಗಿರತ್ತಲ್ಲ, ಇದು ದೋಸೆ ಹೆಂಚಿನ ಹಾಗೆ ಚಪ್ಪಟೆ. ಎರಡು ವಾಲ್ವ್ ಅಕ್ಕಪಕ್ಕ ನೆಟ್ಟಗೆ ನಿಂತಿರತ್ತೆ, ಪಕ್ಕದಲ್ಲಿ ಪ್ಲಗ್ಗಿನ ತೂತು, ಅಷ್ಟೇ. ಆಮೇಲೆ ಬಗ್ಗಿ ಬ್ಯಾರಲ್ ಒಳಗೆ ನೋಡಿದೆ, ಬಟ್ಟಲು ಅಲ್ಲಿತ್ತು, ಪಿಸ್ಟನ್ ತಲೆ ಮೇಲೆ, ಪಡ್ಡು ಹೆಂಚಿನ ಗುಳಿ ಥರ. ಇದಕ್ಕೆ ಹೆರಾನ್ ಹೆಡ್ ಅಂತಾರೆ, ಸ್ಯಾಮ್ ಹೆರಾನ್ ಅನ್ನೋ ಎಂಜಿನಿಯರ್ ಹೆಸರು, ಜಾಗ್ವಾರ್‌ನ ವಿ12 ಕಾರ್ ಇಂಜಿನ್‌ನಲ್ಲೂ ಇದೇ ಐಡಿಯಾ ಇದೆ. ಪಿಸ್ಟನ್ ಮೇಲೆ ಬಂದಾಗ ಸುತ್ತಲಿನ ಅಂಚು ಹೆಡ್‌ಗೆ ತೀರಾ ಹತ್ತಿರ ಬರತ್ತೆ, ಅಲ್ಲಿದ್ದ ಗಾಳಿ ಪೆಟ್ರೋಲ್ ಎಲ್ಲಾ ಮಧ್ಯದ ಗುಳಿಗೆ ನುಗ್ಗಿ ಸುಳಿ ತಿರುಗತ್ತೆ, ಚಿಕ್ಕ ಜಾಗದಲ್ಲಿ ಬೇಗ ಪೂರ್ತಿ ಉರಿಯತ್ತೆ. ಅದಕ್ಕೇ ಸ್ಟ್ರಾಡಾದಲ್ಲಿ 10ಕ್ಕೆ 1 ಕಂಪ್ರೆಶನ್ ಇಟ್ರೂ ನಾಕಿಂಗ್ ಬರಲ್ಲ, ಪೆಟ್ರೋಲೂ ಕಮ್ಮಿ ಕುಡಿಯತ್ತೆ. ಚೆನ್ನಾಗಿ ಟ್ಯೂನ್ ಆಗಿರೋ ಗಾಡಿ ಹಳ್ಳಿ ರೋಡಲ್ಲಿ ಲೀಟರಿಗೆ 25 ಕಿಲೋಮೀಟರ್ ಹತ್ರ ಕೊಟ್ಟಿದ್ದು ನಾನೇ ನೋಡಿದೀನಿ. ಚಪ್ಪಟೆ ಹೆಡ್ ಮೆಷಿನಿಂಗ್ ಮಾಡೋಕೆ ಸುಲಭ, ಅಗ್ಗ, ಅದೂ ಒಂದು ಲಾಭ. ಅದಕ್ಕೂ ಮಿತಿ ಇದೆ, ಅದನ್ನೂ ಹೇಳಿಬಿಡ್ತೀನಿ. ವಾಲ್ವ್ ನೆಟ್ಟಗೆ ಅಕ್ಕಪಕ್ಕ ನಿಲ್ಲಬೇಕಾದ್ರಿಂದ ತುಂಬ ದೊಡ್ಡ ವಾಲ್ವ್ ಹಾಕೋಕಾಗಲ್ಲ, ಬೆಂಕಿಯ ಬಿಸಿ ಪಿಸ್ಟನ್ ಮೇಲೆ ಜಾಸ್ತಿ ಬೀಳತ್ತೆ, ಹಾಗಾಗಿ ಈ ಇಂಜಿನ್‌ನಿಂದ ಎಳೆದೂ ಎಳೆದೂ ಪವರ್ ತೆಗೀತೀನಿ ಅಂದ್ರೆ ಒಂದು ಹಂತದ ಮೇಲೆ ಕೊಡಲ್ಲ.

ಬೆಲ್ಟ್ ಈಗ. ಕ್ರ್ಯಾಂಕಿನಿಂದ ಮೇಲಿರೋ ಕ್ಯಾಮಿಗೆ ತಿರುಗು ಕಳ್ಸೋಕೆ ಹಲ್ಲಿರೋ ರಬ್ಬರ್ ಬೆಲ್ಟ್ ಹಾಕಿದಾರೆ, ಆಯಿಲ್ ತಾಗದ ಒಣ ಜಾಗದಲ್ಲಿ. ಆಗ ಬೈಕ್‌ನಲ್ಲಿ ಇದು ಹೊಸ ವಿಷಯ. ಹೋಂಡಾ ಗೋಲ್ಡ್ ವಿಂಗ್ ಬೆಲ್ಟ್ ಹಾಕ್ಕೊಂಡು ಬಂದಿದ್ದು ಆಮೇಲೆ, ಡುಕಾಟಿ ಪ್ಯಾಂಟಾ ಇನ್ನೂ ಆಮೇಲೆ. ಕಾರಲ್ಲಿ ಆಗ್ಲೇ ಇತ್ತು, ನೀವಿರೋ ಟೂರಿನ್‌ನಲ್ಲೇ ಫಿಯೆಟ್‌ನವರು 1966ರಿಂದ ಟ್ವಿನ್ ಕ್ಯಾಮ್ ಇಂಜಿನ್ನಿಗೆ ಬೆಲ್ಟ್ ಹಾಕ್ತಿದ್ರು, ನಿಮ್ಮ ಕೊಲೀಗ್ ಮನೇಲಿ ಅಂಥ ಫಿಯೆಟ್ ಒಂದು ಇದ್ದಿರಲೂಬಹುದು. ಬೆಲ್ಟ್ ಚೈನಿನ ಹಾಗೆ ಸದ್ದು ಮಾಡಲ್ಲ, ಸವೆದು ಉದ್ದ ಆಗಲ್ಲ, ಆಯಿಲ್ ಬೇಡ. ಮೊರಿನಿಯಲ್ಲಿ ಕ್ಯಾಮ್ ಹತ್ತಿರಾನೇ ಇರೋದ್ರಿಂದ ಬೆಲ್ಟ್ ಗಿಡ್ಡ, ಅದರ ಮೇಲೆ ಬೀಳೋ ಭಾರಾನೂ ಕಮ್ಮಿ. ಇಪ್ಪತ್ತೊಂದು ವರ್ಷದಲ್ಲಿ ನನ್ನ ಬೆಂಚಿಗೆ ಬೆಲ್ಟ್ ಕಟ್ ಆಗಿ ಬಂದ ಮೂರೂವರೆ ಎರಡೇ ಎರಡು, ಎರಡರಲ್ಲೂ ಬೆಲ್ಟ್ ಯಾವ ಕಾಲದ್ದು ಅಂತ ಓನರಿಗೇ ಗೊತ್ತಿರಲಿಲ್ಲ. ರಬ್ಬರಿಗೆ ಕಿಲೋಮೀಟರ್‌ಗಿಂತ ವಯಸ್ಸು ಮುಖ್ಯ, ನಿಂತ ಗಾಡಿಯಲ್ಲೂ ಅದು ಒಣಗಿ ಬಿರುಕು ಬಿಡತ್ತೆ. ಅದಕ್ಕೇ ನಿಮ್ಮ ಗಾಡಿಯಲ್ಲಿ ಅಜ್ಜ ಮೊನ್ನೆ ಮೊನ್ನೆ ಹಾಕ್ಸಿದೆ ಅಂದ್ರೂ ನಂಬಬೇಡಿ, ಅವರ ಮೊನ್ನೆ ಅಂದ್ರೆ 2003 ಆಗಿರಬಹುದು. ಸ್ಟಾರ್ಟ್ ಮಾಡೋ ಮುಂಚೆ ಹೊಸದು ಹಾಕಿ, ಹಾಕಿದ ತಾರೀಕು ಕವರ್ ಒಳಗೆ ಬರೆದಿಡಿ. ಬೆಲ್ಟ್ ಸಿಗತ್ತೆ, ದುಬಾರಿ ಅಲ್ಲ.

ಹಾಗಾದ್ರೆ ನಿಜವಾಗ್ಲೂ ಕೈ ಕೊಡೋದು ಏನು? ಕರೆಂಟ್, ರಬ್ಬರ್, ಕ್ಲಚ್.

ಇಗ್ನಿಶನ್‌ಗೆ ಆಗಿನ ಕಾಲಕ್ಕೇ ಎಲೆಕ್ಟ್ರಾನಿಕ್ ಸಿಡಿಐ ಹಾಕಿದ್ರು, ಡುಕಾಟಿ ಎಲೆತ್ರೋಟೆಕ್ನಿಕಾ ಕಂಪನಿದು. ಪಾಯಿಂಟ್ ಉಜ್ಜೋ ಕೆಲಸ ಇಲ್ಲ, ಬ್ಯಾಟರಿ ಸತ್ತಿದ್ರೂ ಸ್ಪಾರ್ಕ್ ಬರತ್ತೆ, ಕಿಕ್ ಹೊಡೆದ್ರೆ ಸ್ಟಾರ್ಟ್. ಆದ್ರೆ ಐವತ್ತು ವರ್ಷ ಬಿಸಿ ತಣ್ಣಗೆ ಆಗಿ ಆಗಿ ಒಳಗಿನ ಕಾಯಿಲ್‌ಗಳು ಸೋಲತ್ತೆ. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಇಪ್ಪತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಒಂದು ಸಿಲಿಂಡರ್ ಬಿಟ್ಟುಬಿಡೋದು, ಆರಿದ ಮೇಲೆ ಮತ್ತೆ ಸರಿ ಹೋಗೋದು, ಇದು ಬಂದ್ರೆ ಕಾರ್ಬ್ಯುರೇಟರ್ ಬಿಚ್ತಾ ಕೂರಬೇಡಿ, ಮೊದಲು ಇಗ್ನಿಶನ್ ನೋಡಿ. ಇದಕ್ಕೆ ಹೊಸ ಬದಲಿ ಯೂನಿಟ್‌ಗಳು ಸಿಗತ್ತೆ. ಪೆಟ್ರೋಲ್ ಟ್ಯಾಪ್ ಇನ್ನೊಂದು, ಮೂರೂವರೆಯಲ್ಲಿ ಕೀ ಆನ್ ಮಾಡಿದ್ರೆ ತಾನೇ ತೆರೆಯೋ ಕರೆಂಟ್ ಟ್ಯಾಪ್ ಹಾಕಿದ್ರು, ಅದು ಹಳೇದಾದ ಮೇಲೆ ಒಮ್ಮೆ ತೆರೆಯತ್ತೆ ಒಮ್ಮೆ ತೆರೆಯಲ್ಲ. ಅರ್ಧ ಜನ ತೆಗೆದು ಕೈಯಲ್ಲಿ ತಿರುಗಿಸೋ ಟ್ಯಾಪ್ ಹಾಕ್ಕೊಂಡಿದಾರೆ. ನನ್ನ ಕೇಳಿದ್ರೆ ನೀವೂ ಅದನ್ನೇ ಮಾಡಿ, ಹಳೇದನ್ನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಕೊಳ್ಳಿ. ನಿಮ್ಮದರಲ್ಲಿ ಸೆಲ್ಫ್ ಸ್ಟಾರ್ಟ್ ಇಲ್ಲ ಅಂತ ಬೇಜಾರ್ ಮಾಡ್ಕೋಬೇಡಿ, ಆಮೇಲೆ ಬಂದ ಮಾಡೆಲ್‌ಗಳಲ್ಲಿ ಕೊಟ್ಟ ಸೆಲ್ಫ್ ತುಂಬಾ ದುರ್ಬಲ, ಅದಿರೋ ಬೈಕ್‌ನವರೂ ಕೊನೆಗೆ ಕಿಕ್ಕೇ ಹೊಡೆಯೋದು.

ಕ್ಲಚ್ ಒಣ ಕ್ಲಚ್, ಆಯಿಲ್‌ನಲ್ಲಿ ಮುಳುಗಿರಲ್ಲ. ಸೀಲ್ ಹೋಗಿ ಒಳಗಿನ ಆಯಿಲ್ ಅಲ್ಲಿಗೆ ಬಂದ್ರೆ ಪ್ಲೇಟ್ ಜಾರೋಕೆ ಶುರು, ಆಕ್ಸಿಲರೇಟರ್ ಕೊಟ್ರೆ ಸದ್ದು ಏರತ್ತೆ ಗಾಡಿ ಏರಲ್ಲ. ಒಂಬತ್ತು ವರ್ಷ ನಿಂತಿದ್ದಕ್ಕೆ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡೂ ಇರಬಹುದು. ಎರಡೂ ದೊಡ್ಡ ರೋಗ ಅಲ್ಲ. ದೊಡ್ಡ ರೋಗ ಯಾವುದು ಅಂದ್ರೆ ಕ್ರ್ಯಾಂಕ್. ಇದರಲ್ಲಿ ಕನೆಕ್ಟಿಂಗ್ ರಾಡ್‌ಗೆ ಕಾರಿನ ಥರ ಶೆಲ್ ಬೇರಿಂಗ್, ಅದಕ್ಕೆ ಒಳ್ಳೇ ಆಯಿಲ್ ಬೇಕೇ ಬೇಕು, ಆಯಿಲ್ ಬದಲಾಯಿಸದೆ ಓಡಿಸಿದವರ ಗಾಡಿಯಲ್ಲಿ ಕೆಳಗಿಂದ ಗುದ್ದೋ ಸದ್ದು ಬರತ್ತೆ. ಮೇಲಿನ ಟಕಟಕ ಸದ್ದಿಗೆ ಹೆದರಬೇಡಿ, ಟ್ಯಾಪೆಟ್ ಅದು, ಪುಶ್‌ರಾಡ್ ಇಂಜಿನ್ ಅಂದ್ಮೇಲೆ ಸ್ವಲ್ಪ ಮಾತಾಡತ್ತೆ, ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ಸೆಟ್ ಮಾಡಬಹುದು. ಕೆಳಗಿನ ಗುದ್ದು ಸದ್ದಿಗೆ ಮಾತ್ರ ಹೆದರಿ.

ಪಾರ್ಟ್ಸ್ ಬಗ್ಗೆ. ಕಂಪನಿ ಕೈ ಬದಲಾಗಿದ್ದು ನಿಜ. 1987ರಲ್ಲಿ ಕಾಜೀವಾ ಅನ್ನೋ ಇಟಲಿಯ ಇನ್ನೊಂದು ಬೈಕ್ ಕಂಪನಿಯವರು ಕೊಂಡ್ಕೊಂಡ್ರು, ಅವರ ಕೈಲಿ ಈ 72 ಡಿಗ್ರಿ ಇಂಜಿನ್ ಕೆಲವು ವರ್ಷ ಬೇರೆ ಬೇರೆ ಬೈಕ್‌ನಲ್ಲಿ ಬಂತು, ಡಾರ್ಟ್ ಅಂತ ಮೈ ಪೂರ್ತಿ ಮುಚ್ಚಿರೋ 350 ಒಂದು, ಎಕ್ಸ್‌ಕ್ಯಾಲಿಬರ್ ಅಂತ ಕ್ರೂಸರ್ ಥರದ್ದು ಒಂದು. ಅದಕ್ಕೂ ಮುಂಚೆ ಮೊರಿನಿಯವರೇ ಇದೇ ಇಂಜಿನ್ ಹಾಕಿ ಕಂಗೂರೋ, ಕ್ಯಾಮೆಲ್ ಅಂತ ಮಣ್ಣಿನ ರೋಡಿನ ಬೈಕ್ ಮಾಡಿದ್ರು. ಡಿಸೈನೇ ಹಾಗಿತ್ತು, ಒಂದು ಸಲ ಡ್ರಾಯಿಂಗ್ ಮಾಡಿದ್ದನ್ನ ಎಷ್ಟು ರೀತಿ ಉಪಯೋಗಿಸಬಹುದೋ ಅಷ್ಟೂ ಮಾಡೋದು. 500 ಸಿಸಿ ಮಾಡೆಲ್ ಬೋರ್ 69 ಸ್ಟ್ರೋಕ್ 64, ಅದರಲ್ಲಿ ಒಂದು ಸಿಲಿಂಡರ್ ತೆಗೆದ್ರೆ ಅದೇ ಅಳತೆಯ 250 ಸಿಂಗಲ್ ಬಂತು. ಇದರಿಂದ ನಿಮಗೇನು ಲಾಭ ಅಂದ್ರೆ 1973ರಿಂದ 90ರ ದಶಕದ ಶುರುವಿನ ತನಕ ಒಂದೇ ವಂಶದ ಇಂಜಿನ್ ತಯಾರಾಗಿದೆ, ಪಾರ್ಟ್ಸ್ ಹೊಂದಿಕೆ ಆಗೋದು ಬಹಳ. ಇಟಲಿ, ಜರ್ಮನಿ, ಇಂಗ್ಲೆಂಡ್‌ನಲ್ಲಿ ಬರೀ ಮೊರಿನಿ ಪಾರ್ಟ್ಸ್ ಮಾರೋರಿದಾರೆ, ಇಂಗ್ಲೆಂಡ್‌ನಲ್ಲಿ ಮೊರಿನಿ ರೈಡರ್ಸ್ ಕ್ಲಬ್ಬೇ ಇದೆ. ಗ್ಯಾಸ್ಕೆಟ್, ಪಿಸ್ಟನ್, ಬೆಲ್ಟ್, ಡೆಲ್ಲೊರ್ಟೊ ಕಾರ್ಬ್ಯುರೇಟರ್ ಕಿಟ್ ಇವಕ್ಕೆಲ್ಲ ತೊಂದರೆ ಇಲ್ಲ. ಸಿಗದೆ ಒದ್ದಾಡೋದು ಹೊರಗಿನ ಸಾಮಾನಿಗೆ, ಆ ವರ್ಷದ್ದೇ ಸರಿಯಾದ ಸೈಡ್ ಪ್ಯಾನಲ್, ಸೀಟು, ಸೈಲೆನ್ಸರ್, ಸ್ವಿಚ್. ನಿಮ್ಮ ಫೋಟೋದಲ್ಲಿ ಇವೆಲ್ಲ ಇದೆ, ಅದಕ್ಕೇ ನಾನು ಅಷ್ಟು ಹೊತ್ತು ನೋಡ್ತಾ ಕೂತಿದ್ದು.

ಈಗಿನ ಮೋಟೊ ಮೊರಿನಿ ಬಗ್ಗೆ ಕೇಳಿದ್ರಿ. ಹೆಸರು ಹಲವು ಕೈ ದಾಟಿ 2018ರಲ್ಲಿ ಚೀನಾದ ಝೊಂಗ್‌ನೆಂಗ್ ಕಂಪನಿಗೆ ಹೋಯ್ತು. ಡಿಸೈನ್ ಇಟಲಿಯ ಟ್ರಿವೊಲ್ಸಿಯೊದಲ್ಲಿ, ತಯಾರಿ ಚೀನಾದಲ್ಲಿ. 2022ರಿಂದ ಇಂಡಿಯಾದಲ್ಲೂ ಮಾರ್ತಿದಾರೆ, ಅದರಲ್ಲಿ ಒಂದು ಬೈಕ್ ಹೆಸರು ಸೆಯೆಮ್ಮೆಡ್ಜೊ, ಅಂದ್ರೆ ಆರೂವರೆ, ನಮ್ಮ ಮೂರೂವರೆ ನೆನಪಿಗೇ ಇಟ್ಟಿದ್ದು. ಆದ್ರೆ ಅದು 649 ಸಿಸಿ, ಎರಡು ಸಿಲಿಂಡರ್ ಪಕ್ಕಪಕ್ಕ ಇರೋ ವಾಟರ್ ಕೂಲ್ಡ್ ಇಂಜಿನ್. ಹೆಸರಿನ ನಂಟು ಬಿಟ್ರೆ ಒಂದು ನಟ್ಟೂ ಹೊಂದಲ್ಲ. ಹೊಸ ಗಾಡಿ ಬೇಕು, ಊರಲ್ಲಿ ಓಡಿಸಬೇಕು ಅನ್ನೋರಿಗೆ ಅದು ಸರಿ, ಅದರ ಬಗ್ಗೆ ನಂಗೆ ಯಾವ ತಕರಾರೂ ಇಲ್ಲ.

ಊರಿಗೆ ತಗೊಂಡು ಹೋಗೋ ಲೆಕ್ಕದಲ್ಲಿ ಮಾತ್ರ ಈ ಬೈಕ್ ಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಇಂಡಿಯಾಕ್ಕೆ ತರೋದಕ್ಕೆ ಸಾಮಾನ್ಯ ರೂಲ್ ಮೂರು ವರ್ಷದೊಳಗಿನದ್ದು, ಹಳೇ ವಿಂಟೇಜ್ ಗಾಡಿಗೆ ಬೇರೆ ದಾರಿ ಇದ್ರೂ ಡ್ಯೂಟಿ, ಕಾಗದಪತ್ರ, ಬಂದರಿನ ಓಡಾಟ ಎಲ್ಲಾ ಸೇರಿ ಬೈಕಿನ ಬೆಲೆಗಿಂತ ಅದೇ ಜಾಸ್ತಿ ಆಗತ್ತೆ. ಇದು ಓಡಬೇಕಾದ ರೋಡು ನೀವಿರೋ ಕಡೆಯೇ ಇದೆ, ಲಾಂಗೆ ಗುಡ್ಡಗಳ ಕಡೆ ದ್ರಾಕ್ಷಿ ತೋಟದ ಮಧ್ಯೆ ತಿರುವು ತಿರುವು ರೋಡು, ಆರು ಗೇರಿನ ಸಣ್ಣ ಬೈಕಿಗೆ ಅದಕ್ಕಿಂತ ಒಳ್ಳೇ ಜಾಗ ನಂಗೆ ಗೊತ್ತಿಲ್ಲ.

350ಕ್ಕೆ ಇಲ್ಲಿ ಅಷ್ಟು ಬೆಲೆ ಯಾಕೆ ಅನ್ನೋದಕ್ಕೂ ಒಂದು ಮಾತು. ಆಗ 380 ಸಿಸಿಗಿಂತ ಚಿಕ್ಕ ಜಪಾನಿ ಬೈಕ್ ಇಟಲಿಗೆ ತರೋ ಹಾಗಿರಲಿಲ್ಲ, ಹಾಗಾಗಿ 350ರಲ್ಲಿ ಇಟಲಿಯವರದ್ದೇ ರಾಜ್ಯ. ಆಮೇಲೆ ಸರ್ಕಾರ 350 ಮೇಲಿನ ಬೈಕಿಗೆ ಜಾಸ್ತಿ ವ್ಯಾಟ್ ಹಾಕ್ತು, 80ರ ದಶಕದಲ್ಲಿ ಕೆಳಗಿನದಕ್ಕೆ 18 ಪರ್ಸೆಂಟ್ ಇದ್ರೆ ಮೇಲಿನದಕ್ಕೆ 38. ಮೋಟೊ ಗುಟ್ಸಿ ವಿ35, ಬೆನೆಲ್ಲಿ 354 ಇವೆಲ್ಲ ಅದೇ ಲೆಕ್ಕಕ್ಕೆ ಸರಿಯಾಗಿ ಕೂರೋ ಬೈಕ್‌ಗಳು. ಇಂಗ್ಲೆಂಡ್‌ನಂಥ ಕಡೆ ಈ ರಕ್ಷಣೆ ಇರಲಿಲ್ಲ, ಅಲ್ಲಿ ಮೂರೂವರೆ ಕೊಡೋ ದುಡ್ಡಿಗೆ ಅದಕ್ಕಿಂತ ದೊಡ್ಡ ಜಪಾನಿ ಬೈಕ್ ಸಿಗ್ತಿತ್ತು, ಆದ್ರೂ ಕೊಂಡವರು ಅದನ್ನ ತಿರುವಿನಲ್ಲಿ ಓಡಿಸಿ ನೋಡಿ ಕೊಂಡವರು, ಅವರೇ ಇವತ್ತಿಗೂ ಬಿಡದೆ ಇಟ್ಕೊಂಡಿರೋರು.

ಸರಿ, ನಿಮ್ಮ ಮುಂದೆ ಇರೋ ದಾರಿ. ಒಂದು, ಅಜ್ಜನ ಗಾಡಿ ತಗೊಂಡು ನಿಧಾನಕ್ಕೆ ನೀವೇ ಎಬ್ಬಿಸೋದು. 41 ಸಾವಿರ ಕಿಲೋಮೀಟರ್ ಈ ಇಂಜಿನ್ನಿಗೆ ಮಧ್ಯವಯಸ್ಸು, ಒಬ್ಬರೇ ಓನರ್, ಒಳಗೆ ನಿಂತಿದೆ, ಇಂಜಿನ್ ತಿರುಗತ್ತೆ ಅಂತಾದ್ರೆ 2,200 ಯೂರೋ ನ್ಯಾಯವಾದ ಬೆಲೆ. ಅದರ ಮೇಲೆ ಟಯರ್, ಬೆಲ್ಟ್, ಸೀಲ್‌ಗಳು, ಬ್ರೇಕ್ ಶೂ, ಕಾರ್ಬ್ಯುರೇಟರ್, ವೈರಿಂಗ್ ಇದಕ್ಕೆಲ್ಲ ನಿಮ್ಮ ಕೈ ಕೆಲಸ ಬಿಟ್ಟು ಇನ್ನೊಂದು ಸಾವಿರ ಯೂರೋ ಪಕ್ಕಕ್ಕಿಡಿ, ಇದು ನನ್ನ ಅಂದಾಜು. ಇದರ ರಿಸ್ಕ್ ಅಂದ್ರೆ ಒಳಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಕೊಂಡಿದ್ರೆ ಲೆಕ್ಕ ಮೂರು ಪಟ್ಟು. ಎರಡು, ಯಾರಾದ್ರೂ ರೆಸ್ಟೋರ್ ಮಾಡಿರೋದನ್ನ ಜಾಸ್ತಿ ಕೊಟ್ಟು ಕೊಳ್ಳೋದು. ಇದರಲ್ಲಿ ನಾನೇ ಪೆಟ್ಟು ತಿಂದಿದೀನಿ, ಕೆಲವು ವರ್ಷದ ಹಿಂದೆ ಒಬ್ಬರ ಹತ್ರ ಕನ್ನಡಿ ಥರ ಹೊಳೆಯೋ ಮೂರೂವರೆ ತಗೊಂಡೆ, ಮನೆಗೆ ತಂದು ಆಯಿಲ್ ಇಳಿಸಿದ್ರೆ ತಟ್ಟೆಯಲ್ಲಿ ಬೇರಿಂಗ್ ಚೂರು ಮಿನುಗ್ತಿತ್ತು. ಪೇಂಟ್ ನೋಡಿ ದುಡ್ಡು ಕೊಡಬೇಡಿ, ಬಿಚ್ಚಿ ಮಾಡಿದ ಕೆಲಸದ ಫೋಟೋ, ಪಾರ್ಟ್ಸ್ ಬಿಲ್ ಇದ್ರೆ ಮಾತ್ರ ಮಾತಾಡಿ. ಮೂರು, ಸ್ಪೋರ್ಟ್ ಹುಡುಕೋದು, ಕೆಂಪು ಕಪ್ಪು ಬಣ್ಣದ್ದು, ಹ್ಯಾಂಡಲ್ ಕೆಳಗೆ ಇರತ್ತೆ, ನೋಡೋಕೆ ಬಹಳ ಚೆಂದ. ಬೆಲೆ ಸ್ಟ್ರಾಡಾದ ಡಬಲ್ ಹತ್ರ ಹೋಗತ್ತೆ, ಸ್ಟ್ರಾಡಾಗೆ ಸ್ಪೋರ್ಟ್ ಟ್ಯಾಂಕು ಸೀಟು ಹಾಕಿ ಮಾರೋರೂ ಇದಾರೆ. ದಿನಾ ಓಡಿಸೋಕೆ ನನ್ನ ಮನಸ್ಸು ಸ್ಟ್ರಾಡಾ ಕಡೆಗೇ, ಬೆನ್ನು ನೆಟ್ಟಗೆ ಇಟ್ಕೊಂಡು ಸಂಜೆ ತನಕ ಹೋಗಬಹುದು.

ಲೈಸೆನ್ಸ್ ತೊಂದರೆ ಇಲ್ಲ, ಎ2ಗೆ 35 ಕಿಲೋವ್ಯಾಟ್ ತನಕ ಬಿಡ್ತಾರೆ, ಇದು 26ರ ಆಸುಪಾಸು. ಮೂವತ್ತು ವರ್ಷ ದಾಟಿದ ಗಾಡಿಗೆ ಬೊಲ್ಲೊ ಅಂದ್ರೆ ವರ್ಷದ ಗಾಡಿ ಟ್ಯಾಕ್ಸೂ ಇಲ್ಲ, ರೋಡಿಗೆ ಇಳಿಸೋ ವರ್ಷ ಸಣ್ಣ ಮೊತ್ತ ಕಟ್ಟಬೇಕು ಅಷ್ಟೇ. ಆದ್ರೆ ಲಿಬ್ರೆಟ್ಟೊ (ಇಲ್ಲಿನ ಆರ್‌ಸಿ ಬುಕ್) ಮತ್ತು ನಂಬರ್ ಪ್ಲೇಟ್ ಎರಡೂ ಇದೆಯಾ, ರಿಜಿಸ್ಟ್ರೇಶನ್ ಕ್ಯಾನ್ಸಲ್ ಆಗಿಲ್ವಾ ಅಂತ ದುಡ್ಡು ಕೊಡೋ ಮುಂಚೆ ಖಾತ್ರಿ ಮಾಡ್ಕೊಳ್ಳಿ. ಕ್ಯಾನ್ಸಲ್ ಆಗಿದ್ರೆ ಮತ್ತೆ ರಿಜಿಸ್ಟರ್ ಮಾಡ್ಸೋಕೆ ಎಎಸ್‌ಐ (ಹಳೇ ಗಾಡಿಗಳ ಸಂಸ್ಥೆ) ಅಥವಾ ಎಫ್‌ಎಂಐ (ಇಟಲಿಯ ಮೋಟಾರ್‌ಸೈಕಲ್ ಫೆಡರೇಶನ್) ಕೊಡೋ ಹಿಸ್ಟಾರಿಕ್ ಸರ್ಟಿಫಿಕೇಟ್ ಬೇಕಾಗತ್ತೆ, ಆಗತ್ತೆ ಆದ್ರೆ ಓಡಾಡಿಸ್ತಾರೆ.

ಬಲಗಡೆ ಗೇರಿಗೆ ಹೆದರಬೇಡಿ. ನಿಮ್ಮ ಮನೇಲಿ ಯಾರಾದ್ರೂ ಹಳೇ ಬುಲೆಟ್ ಓಡಿಸಿದ್ರೆ ಕೇಳಿ ನೋಡಿ, ಅದರಲ್ಲೂ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಖಾಲಿ ಜಾಗದಲ್ಲಿ ಎರಡು ದಿನ ಓಡಿಸಿ, ಮುಖ್ಯವಾಗಿ ಗಾಬರಿಯಲ್ಲಿ ಬಲಗಾಲು ತುಳಿಯೋ ಅಭ್ಯಾಸ ಬಿಡಿಸ್ಕೊಳ್ಳಿ, ಟ್ರಾಫಿಕ್‌ಗೆ ಆಮೇಲೆ ಇಳಿಯಿರಿ.

ಈ ಶನಿವಾರ ಅಜ್ಜನ ಗ್ಯಾರೇಜಿಗೆ ಹೋದಾಗ ಒಂದು ಕೆಲಸ ಮಾಡಿ. ಏನೇ ಆದ್ರೂ ಕಿಕ್ ಹೊಡೆಯಬೇಡಿ, ಅಜ್ಜ ಹೊಡಿ ಅಂದ್ರೂ ಬೇಡ. ಎರಡೂ ಪ್ಲಗ್ ಬಿಚ್ಚಿ, ತೂತಲ್ಲಿ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಡಿ, ರಾತ್ರಿಯಿಡೀ ಹಾಗೇ ಇರಲಿ. ಭಾನುವಾರ ಟಾಪ್ ಗೇರ್ ಹಾಕಿ ಹಿಂದಿನ ಚಕ್ರ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಅಂಗೈಗೆ ಸಮವಾಗಿ ತಿರುಗ್ತಾ ಇದ್ರೆ, ಪ್ಲಗ್ಗಿನ ತೂತಿಂದ ಆಯಿಲ್ ಪುಸ್ ಅಂತ ಹೊರಗೆ ಬಂದ್ರೆ ತಗೊಳ್ಳಿ. ಎಲ್ಲಾದ್ರೂ ಗಟ್ಟಿಯಾಗಿ ನಿಂತ್ರೆ ಬಲ ಹಾಕಬೇಡಿ, ಬಿಟ್ಟು ನಂಗೆ ಬರೀರಿ. ಹೋಗುವಾಗ ಟಾರ್ಚ್ ತಗೊಂಡು ಹೋಗಿ, ಟ್ಯಾಂಕ್ ಮುಚ್ಚಳ ತೆಗೆದು ಒಳಗಿನ ತುಕ್ಕು ನೋಡಿ, ಬೆಲ್ಟ್ ಕವರ್ ಬಿಚ್ಚೋಕೆ ಅಜ್ಜ ಬಿಟ್ರೆ ಬೆಲ್ಟಿನ ಹಲ್ಲಿನ ಬುಡದ್ದು ಒಂದು ಹತ್ತಿರದ ಫೋಟೋ ತೆಗೆದು ಕಳ್ಸಿ.